ಪಗಾರ ಬಿಡುವ ಮೊದಲು ವಸೂಲಿ ಕಲಿಯಿರಿ

ನೀವು ಕೇಳಿದ್ದು ಇಷ್ಟು: ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್ಲಿನ ಆಫೀಸಿನಲ್ಲಿ ಕೆಲಸ, ರಾತ್ರಿ ಹೊತ್ತು ಬರವಣಿಗೆ. ಆರು ತಿಂಗಳ ಖರ್ಚಿಗೆ ಆಗುವಷ್ಟು ದುಡ್ಡು ಕೂಡಿಟ್ಟಿದ್ದೀರಿ. ಕೆಲಸ ಬಿಟ್ಟು ಪೂರ್ತಿ ಬರವಣಿಗೆಗೆ ಇಳಿಯಬಹುದಾ?

ನಾನು ಗಂಗಾವತಿಯವಳು. ಏಳು ವರ್ಷ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆದೆ. ಈಗ ನಾಲ್ಕು ವರ್ಷದಿಂದ ಬರವಣಿಗೆಯೇ ಕಸುಬು. ಅನುವಾದ, ವಿಡಿಯೊ ಸ್ಕ್ರಿಪ್ಟ್, ರೈತರಿಗೆ ಸಣ್ಣ ಕೈಪಿಡಿ, ಇಂಥವು. ಇಳಿಯಬಹುದು ಅಂತಲೇ ಹೇಳ್ತೀನಿ. ಆದರೆ ಆರು ತಿಂಗಳ ದುಡ್ಡು ಇದೆ ಅನ್ನೋ ಧೈರ್ಯದ ಮೇಲೆ ಇಳಿಯಬೇಡಿ. ಇಬ್ಬರಾದರೂ ಗಿರಾಕಿಗಳು ಎರಡನೇ ಸಲ ಕೆಲಸ ಕೊಟ್ಟಿರಬೇಕು. ಮೊದಲ ಸಲದ ದುಡ್ಡು ಪೂರ್ತಿ ನಿಮ್ಮ ಖಾತೆಗೆ ಬಂದಿರಬೇಕು. ಆಮೇಲೆ ಬಿಡಿ.

ಯಾಕಂದ್ರೆ ನಮ್ಮಂಥವರನ್ನು ಕೆಡಿಸೋದು ಕೆಲಸ ಸಿಗದೇ ಇರೋದಲ್ಲ, ಉದ್ರಿ. ಮಿಲ್ಲಿನ ಕಂಪ್ಯೂಟರಿನಲ್ಲಿ ಲೆಕ್ಕ ಇಡುವ ಟ್ಯಾಲಿ ಇದ್ದರೂ ಸಾವುಕಾರರು ಕೆಂಪು ರಟ್ಟಿನ ಒಂದು ಉದ್ದನೆಯ ಲೆಡ್ಜರ್ ಇಟ್ಟಿದ್ದರು. ಅಕ್ಕಿ ಲೋಡ್ ಹೋದ ದಿನ ಎಡಗಡೆ, ದುಡ್ಡು ಬಂದ ದಿನ ಬಲಗಡೆ. ಬಲಗಡೆ ಖಾಲಿ ಇದ್ದವರಿಗೆ ಪ್ರತಿ ಸೋಮವಾರ ನಾನೇ ಫೋನ್ ಮಾಡಬೇಕಿತ್ತು. ಮೊದಮೊದಲು ನನಗೆ ಬಾಯೇ ಬರ್ತಿರಲಿಲ್ಲ. "ಸಿಟ್ಟು ಮಾಡಬ್ಯಾಡವ್ವ, ಬೇಡಿಕೊಳ್ಳಲೂಬ್ಯಾಡ. ತಾರೀಕು ಕೇಳು" ಅಂತ ಸಾವುಕಾರರು ಹೇಳಿಕೊಟ್ಟರು. "ಅಣ್ಣಾ, ಹೋದ ತಿಂಗಳು 12ನೇ ತಾರೀಕಿನ ಬಿಲ್ಲು, ಯಾವತ್ತು ಹಾಕ್ತೀರಿ?" ಇಷ್ಟೇ ಕೇಳಿ ಸುಮ್ನೆ ಕಾಯೋದು. ಅವರು ಹೇಳಿದ ತಾರೀಕನ್ನು ಪೆನ್ಸಿಲ್‌ನಲ್ಲಿ ಬಲಗಡೆ ಬರೆಯೋದು. ಆ ದಿನ ಬೆಳಿಗ್ಗೆ ಮತ್ತೆ ಫೋನ್.

ಇಷ್ಟು ಕಲಿತವಳು ನನ್ನ ಸ್ವಂತ ದುಡ್ಡಿನ ವಿಷಯದಲ್ಲಿ ಅದನ್ನು ಮಾಡಲಿಲ್ಲ. ಮೊದಲ ವರ್ಷ ಒಂದು ಕಡೆಯಿಂದ 18 ಸಾವಿರ ಬರಬೇಕಿತ್ತು. ದರ ಫೋನಿನಲ್ಲೇ ಮಾತಾಗಿತ್ತು. ಮಾತಾಡಿದವರು ಆ ಕೆಲಸ ಬಿಟ್ಟು ಹೋದರು. ಹೊಸದಾಗಿ ಬಂದವರು "ನಮ್ಮ ಹತ್ರ ಏನೂ ದಾಖಲೆ ಇಲ್ಲವಲ್ಲ ಮೇಡಂ" ಅಂದರು. ನಾಲ್ಕು ತಿಂಗಳು ಅಲೆದ ಮೇಲೆ ಅರ್ಧ ಬಂತು. ಅವತ್ತೇ ಅಂಗಡಿಗೆ ಹೋಗಿ ಅಂಥದ್ದೇ ಒಂದು ಕೆಂಪು ಪುಸ್ತಕ ತಂದೆ. ಈಗಲೂ ಅದರಲ್ಲೇ ಬರೀತೀನಿ.

ಕಾನೂನು ನಿಮ್ಮ ಕಡೆ ಇದೆ, ಅದನ್ನು ತಿಳಿದುಕೊಳ್ಳಿ. ಸಣ್ಣ ಉದ್ಯಮಗಳಿಗೆ ಅಂತ ಇರೋ ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ನೋಂದಣಿ ಉಚಿತ, ಆಧಾರ್ ಮತ್ತು ಪ್ಯಾನ್ ಸಾಕು. ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ನೋಂದಣಿ ಆದ ಮೇಲೆ ಮಾಡಿದ ಕೆಲಸಕ್ಕೆ, 2006ರ ಎಂಎಸ್‌ಎಂಇ (ಸಣ್ಣ ಉದ್ಯಮಗಳ) ಕಾಯ್ದೆ ಪ್ರಕಾರ, ಒಪ್ಪಂದ ಬರಹದಲ್ಲಿದ್ದರೆ ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು. ಇಲ್ಲದಿದ್ದರೆ 15 ದಿನದಲ್ಲಿ. ತಡ ಆದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನಾನು ಯಾರ ಮೇಲೂ ದೂರು ಕೊಟ್ಟಿಲ್ಲ. ಬಿಲ್ಲಿನ ಕೆಳಗೆ ಉದ್ಯಮ್ ನಂಬರ್ ಹಾಕ್ತೀನಿ ಅಷ್ಟೇ. ಬಹಳ ಕಡೆ ಅದೇ ಸಾಕಾಗಿದೆ.

ಇನ್ನೊಂದು. ನೌಕರಿಯ ಭಾಗವಾಗಿ ಬರೆದದ್ದು ಸಾಮಾನ್ಯವಾಗಿ ಮಾಲೀಕರದ್ದು. ಸ್ವತಂತ್ರವಾಗಿ ಬರೆದಾಗ ಬರಹದ ಹಕ್ಕು (ಕಾಪಿರೈಟ್) ನಿಮ್ಮದೇ, ನೀವು ಸಹಿ ಹಾಕಿ ಬಿಟ್ಟುಕೊಡುವ ತನಕ. ಎಷ್ಟು ವರ್ಷಕ್ಕೆ ಬಿಟ್ಟುಕೊಟ್ಟಿರಿ ಅಂತ ಆ ಪತ್ರದಲ್ಲಿ ಬರೆಯದೇ ಇದ್ದರೆ ಐದು ವರ್ಷಕ್ಕೆ ಅಂತ ಲೆಕ್ಕ. ಅದಕ್ಕೇ ಸಹಿ ಮಾಡುವ ಮೊದಲು ಎಲ್ಲ ಓದಿ. ದುಡ್ಡು ಕೊಡುವಾಗಲೇ ತೆರಿಗೆ ಅಂತ (ಟಿಡಿಎಸ್) 10% ಹಿಡಿದರೆ ಗಾಬರಿ ಬೇಡ, ರಿಟರ್ನ್ ಹಾಕಿದಾಗ ಅದು ನಿಮ್ಮ ತೆರಿಗೆ ಲೆಕ್ಕಕ್ಕೆ ಸೇರುತ್ತೆ, ಜಾಸ್ತಿ ಹಿಡಿದಿದ್ದರೆ ವಾಪಸ್ ಬರುತ್ತೆ. ಹಾಂ, ನುಡಿ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡುವ ರೂಢಿ ಇದ್ದರೆ, ಯಾವ ಫೋನ್, ಕಂಪ್ಯೂಟರಿನಲ್ಲೂ ಓದಲು ಬರುವ ಯುನಿಕೋಡ್‌ಗೆ ಬನ್ನಿ. ಅನುವಾದದ ಕೆಲಸ ಕೊಡುವವರು ಅದನ್ನೇ ಕೇಳ್ತಾರೆ.

ಮನೆಯವರ ಬಗ್ಗೆಯೂ ಕೇಳಿದ್ದೀರಿ. ಅವ್ವನಿಗೆ ಹೇಳೋಕೆ ನಾನೂ ಹೆದರಿದ್ದೆ. ಅವಳು ಕೇಳಿದ್ದು ಒಂದೇ ಮಾತು: "ಪಗಾರ ತಿಂಗಳಾ ತಿಂಗಳಾ ಬರತಿತ್ತು. ಇದು ಯಾವಾಗ ಬರತೈತಿ?" ಬಿಲ್ಲು ಪಾಸಾದಾಗ ಅಂದೆ. "ಹಂಗಾರ ನೆಲ್ಲು ಮಾರಿದಂಗ" ಅಂದಳು. ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆ ನೀರು ನಂಬಿದ ಮನೆ. ಒಂದು ಬೆಳೆಯ ದುಡ್ಡನ್ನು ಮುಂದಿನ ಬೆಳೆ ತನಕ ಹೇಗೆ ಎಳೆಯಬೇಕು ಅಂತ ಅವಳಿಗೆ ಚೆನ್ನಾಗಿ ಗೊತ್ತು. ಅವಳು ಹೇಳಿದ ಹಾಗೇ ಮಾಡ್ತಿದ್ದೀನಿ. ಎಷ್ಟೇ ಬರಲಿ, ತಿಂಗಳಿಗೆ 20 ಸಾವಿರ ಮಾತ್ರ ಮನೆ ಖರ್ಚಿನ ಖಾತೆಗೆ. ಉಳಿದದ್ದನ್ನು ಮುಟ್ಟೋದಿಲ್ಲ.

ಬೆಂಗಳೂರಿಗೆ ಹೋಗಬೇಕಾ ಅನ್ನೋದಕ್ಕೆ, ಬೇಡ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯಿತಲ್ಲ, ಆಗ ನಮ್ಮ ಓಣಿಯಲ್ಲಿ ಯಾರಿಗೂ ನಿದ್ದೆ ಇಲ್ಲ. ನಾಟಿ ಮಾಡಿದ ಗದ್ದೆಗೆ ನೀರು ಉಳಿಯುತ್ತಾ ಅನ್ನೋದೊಂದೇ ಮಾತು. ವಾರದಲ್ಲಿ ಗೇಟಿನ ಜಾಗಕ್ಕೆ ಸ್ಟಾಪ್ ಲಾಗ್ (ತಾತ್ಕಾಲಿಕ ಉಕ್ಕಿನ ತಡೆ) ಇಳಿಸಿ ನೀರು ನಿಲ್ಲಿಸಿದರು. ಆ ವಾರ ಅದರ ಬಗ್ಗೆ ನಾನು ಬರೆದ ವಿಡಿಯೊ ಸ್ಕ್ರಿಪ್ಟ್ ನೋಡಿಯೇ ಈಗಿನ ನನ್ನ ದೊಡ್ಡ ಗಿರಾಕಿ ಸಿಕ್ಕಿದ್ದು. ಕಾಲುವೆ ಕೊನೆಯ ಹೊಲದವನ ಕಷ್ಟ ನನಗೆ ಗೊತ್ತಿತ್ತು, ಅದಕ್ಕೇ ಅದನ್ನು ಬರೆಯೋಕಾಯ್ತು.

ನಿಮಗೆ ಹತ್ತಿ ಗೊತ್ತು. ತೇವಾಂಶ 8% ದಾಟಿದರೆ ಬೆಲೆ ಕಡಿತ, 12% ದಾಟಿದರೆ ಸಿಸಿಐ (ಸರ್ಕಾರದ ಭಾರತೀಯ ಹತ್ತಿ ನಿಗಮ) ಹತ್ತಿ ತಗೊಳ್ಳೋದೇ ಇಲ್ಲ. ಹತ್ತಿ ತಂದ ರೈತ ಮೀಟರಿನ ಅಂಕಿ ನೋಡಿ ನಿಂತಾಗ ಅವನ ಮುಖ ಹೇಗಾಗುತ್ತೆ ಅಂತ ನೀವು ನೂರು ಸಲ ನೋಡಿರ್ತೀರಿ, ಅಲ್ವಾ? ಅದರ ಬಗ್ಗೆ 800 ಪದ ಬರೆಯಿರಿ. ಹತ್ತಿಯನ್ನು ಮನೆಯಲ್ಲೇ ಹೇಗೆ ಒಣಗಿಸಿ ತರಬೇಕು ಅನ್ನೋದೂ ಇರಲಿ. ಕೃಷಿ ವಿಡಿಯೊ ಮಾಡುವ ನಾಲ್ಕೈದು ಕಡೆಗೆ ಕಳಿಸಿ. ದರ, ಪದಗಳ ಲೆಕ್ಕ, ದುಡ್ಡು ಹಾಕುವ ತಾರೀಕು ಮೂರೂ ಅದೇ ಮೇಲ್‌ನಲ್ಲಿರಲಿ. ಈ ಹತ್ತಿ ಹಂಗಾಮು ಮುಗಿಯೋ ತನಕ ಪಗಾರ ಬಿಡಬೇಡಿ. ಅಷ್ಟರಲ್ಲಿ ಇಬ್ಬರು ಗಿರಾಕಿಗಳು ಎರಡನೇ ಸಲ ಬಂದರೆ ಇಲ್ಲೇ ಬರೆದು ತಿಳಿಸಿ, ನನ್ನ ಬಿಲ್ಲಿನ ನಮೂನೆ ಹಾಕ್ತೀನಿ.