ಥೈರಾಯ್ಡ್ ಆಪರೇಷನ್ ಆದಮೇಲೆ ದನಿ ಕಟ್ಟಿದೆ, ಸ್ಕ್ಯಾನಿಂಗ್ ಸಾಕಾ?
ಮಂಡ್ಯದ ನಿಮ್ಮ ಅಮ್ಮನಿಗೆ ಗಂಟಲಿನ ಧ್ವನಿತಂತು ನೋಡಲು ಮೂಗಿಗೆ ಪೈಪ್ ಹಾಕಿಸಿಕೊಳ್ಳಲು ಭಯ, ಸ್ಕ್ಯಾನಿಂಗ್‌ನಲ್ಲೇ ಗೊತ್ತಾಗುತ್ತಾ ಅಂತ ಕೇಳಿದ್ದೀರಿ.

ಹೆಂಗಸರಲ್ಲಿ ಬಹಳ ಸಲ ಗೊತ್ತಾಗುತ್ತೆ. ಕತ್ತಿನ ಮುಂದೆ ಜೆಲ್ ಹಚ್ಚಿ, ಅಲ್ಟ್ರಾಸೌಂಡ್ ಪ್ರೋಬ್ ಅಡ್ಡಡ್ಡ ಇಟ್ಟು ‘ಈ...’ ಅನ್ನಿಸುತ್ತಾರೆ. ಉಸಿರೆಳೆದಾಗ ಎರಡೂ ಧ್ವನಿತಂತುಗಳು ದೂರ ಸರಿದು, ದನಿ ತೆಗೆದಾಗ ನಡುವೆ ಬಂದು ಸೇರಬೇಕು. ಆಪರೇಷನ್‌ನಲ್ಲಿ ಅವನ್ನು ಆಡಿಸುವ ನರಕ್ಕೆ ಪೆಟ್ಟಾಗಿದ್ದರೆ ಒಂದು ಕಡೆಯದು ಅಲ್ಲಾಡದೆ ನಿಂತಿರುತ್ತೆ. ವಯಸ್ಸಾದ ಗಂಡಸರಲ್ಲಾದರೆ ಗಂಟಲಿನ ಮೃದ್ವಸ್ಥಿ (ಮೆದು ಎಲುಬು) ಗಟ್ಟಿಯಾಗಿ ಚಿತ್ರ ಮಸುಕಾಗುತ್ತೆ.

ಆದರೂ ಅಮ್ಮನಿಗೆ ಧೈರ್ಯ ಹೇಳಿ. ಆ ಪೈಪ್ ತೆಳ್ಳಗಿರುತ್ತೆ, ಮೊದಲೇ ಮರಗಟ್ಟುವ ಔಷಧಿ ಹಾಕುತ್ತಾರೆ. ತಂತುಗಳು ಸೆಕೆಂಡಿಗೆ ಸುಮಾರು 200 ಸಲ ಕಂಪಿಸುತ್ತವೆ. ಆ ಕಂಪನ ನೋಡಲು ಸ್ಕ್ಯಾನಿಂಗ್ ಸಾಲದು, ಪೈಪ್‌ನಿಂದ ಮಿನುಗುವ ಬೆಳಕು ಬಿಟ್ಟು ನೋಡುವ ಸ್ಟ್ರೋಬೋಸ್ಕೋಪಿಯೇ ಸರಿ. ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ದನಿಯ ತೊಂದರೆಗೆ ಪರೀಕ್ಷೆ, ಚಿಕಿತ್ಸೆ ಎರಡೂ ಉಂಟು. ನೀರು ಕುಡಿದಾಗ ಕೆಮ್ಮು ಬಂದರೆ ಅಥವಾ ಉಸಿರಾಡುವಾಗ ಶಬ್ದವಾದರೆ ಕಾಯಬೇಡಿ, ಕೂಡಲೇ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ.