ಆಫೀಸಿನಲ್ಲಿ ಮೌನ, ಮನೆಯಲ್ಲಿ ಕೂಗಾಟ: ಒಂದು ಪ್ರಕರಣ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ನನ್ನ ಹತ್ತಿರ ಸಲಹೆಗೆ ಬಂದವರಿಗೆ ನಲವತ್ತರ ಆಸುಪಾಸು, ಖಾಸಗಿ ಕಂಪನಿಯೊಂದರಲ್ಲಿ ಲೆಕ್ಕಪತ್ರದ ಕೆಲಸ. ಹೆಂಡತಿಯೇ ಕರೆದುಕೊಂಡು ಬಂದಿದ್ದರು. ಮನೆಗೆ ಕಾಲಿಟ್ಟರೆ ಸಾಕು, ಚಾರ್ಜರ್ ಜಾಗದಲ್ಲಿಲ್ಲ, ಸಾರಿಗೆ ಉಪ್ಪಿಲ್ಲ ಅಂತ ಕೂಗಾಟ. ಅಪ್ಪನ ಬೈಕ್ ಸದ್ದು ಕೇಳಿದರೆ ಮಗಳು ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳಂತೆ. ಕೈ ಎತ್ತುತ್ತಾರಾ ಅಂತ ಹೆಂಡತಿಯನ್ನು ಬೇರೆಯಾಗಿ ಕೂರಿಸಿ ಮೊದಲು ಕೇಳಿದೆ. ಇಲ್ಲ ಎಂದರು. ಹೌದು ಎಂದಿದ್ದರೆ ನಾನು ಈ ದಾರಿ ಹಿಡಿಯುತ್ತಲೇ ಇರಲಿಲ್ಲ.

"ಮೇಡಂ, ಗ್ರೀಕ್ ಫಿಲಾಸಫಿ ವಿಡಿಯೋ ಎಲ್ಲಾ ನೋಡಿದೀನಿ. ಕೋಪ ತಪ್ಪು ಅಂತ ಗೊತ್ತು. ಪೂರ್ತಿ ಬಿಡೋಕೆ ಏನ್ಮಾಡ್ಬೇಕು ಹೇಳಿ."

ಹಾಗಾದರೆ ಅಲ್ಲಿಂದಲೇ ಶುರು ಮಾಡೋಣ ಅಂತ ಅರಿಸ್ಟಾಟಲ್‌ನನ್ನು ಮಾತಿಗೆ ತಂದೆ. ಕ್ರಿ.ಪೂ. 4ನೇ ಶತಮಾನದಲ್ಲಿ, ಅಥೆನ್ಸ್‌ನಲ್ಲಿ ಪಾಠ ಹೇಳುತ್ತಿದ್ದವನು. ಅವನು ಕೋಪ ಬಿಡಿ ಅನ್ನಲೇ ಇಲ್ಲ. ಯಾರ ಮೇಲೆ, ಯಾವ ಕಾರಣಕ್ಕೆ, ಎಷ್ಟು, ಯಾವಾಗ, ಎಷ್ಟು ಹೊತ್ತು, ಇವೆಲ್ಲ ಸರಿಯಿದ್ದರೆ ಆ ಕೋಪವನ್ನು ಮೆಚ್ಚಬೇಕು ಎಂದ. ಕೋಪ ಬರಬೇಕಾದ ಕಡೆ ಬರದೇ ಇರುವುದೂ ಅವನ ಪ್ರಕಾರ ದೋಷವೇ. ತನಗೆ, ತನ್ನವರಿಗೆ ಆದ ಅವಮಾನವನ್ನು ನುಂಗಿಕೊಂಡು ಇರೋದು ಗುಲಾಮತನ ಎನ್ನುವಷ್ಟು ಖಾರವಾಗಿ ತನ್ನ 'ನಿಕೊಮಾಕಿಯನ್ ಎಥಿಕ್ಸ್' ಪುಸ್ತಕದ 4ನೇ ಭಾಗದಲ್ಲಿ ಹೇಳಿದ್ದಾನೆ.

ಇಷ್ಟು ಹೇಳಿ, ಆಫೀಸ್ ಹೇಗಿದೆ ಅಂತ ಕೇಳಿದೆ. ಆಗ ಬಂತು ನಿಜವಾದ ಕಥೆ. ತಿಂಗಳ ಕೊನೆಗೆ ಬೇರೆಯವರ ತಪ್ಪು ಎಂಟ್ರಿಗಳನ್ನೆಲ್ಲ ಇವರೇ ಸರಿ ಮಾಡಬೇಕು, ಕೊಟ್ಟ ರಜೆ ಕೊನೇ ಗಳಿಗೆಯಲ್ಲಿ ರದ್ದು, ಎಲ್ಲರೆದುರು ಬೈಗುಳ. ಇವರು ಒಂದು ಮಾತೂ ಆಡಿದವರಲ್ಲ. ಅಂದರೆ ಇವರಿಗೆ ಕೋಪ ಜಾಸ್ತಿ ಅಂತ ಸುಮ್ನೆ ಹೇಳುವಂತಿಲ್ಲ. ಆಫೀಸಿನಲ್ಲಿ ತೀರಾ ಕಡಿಮೆ, ಮನೆಯಲ್ಲಿ ತೀರಾ ಜಾಸ್ತಿ. ಅದೂ ತಪ್ಪು ಮಾಡದವರ ಮೇಲೆ.

"ಹಾಗಾದ್ರೆ ಎರಡೂ ಕಡೆ ಅರ್ಧರ್ಧನಾ?" ಎಂದರು, ನಗುತ್ತಾ. ಅಲ್ಲ. ಕುಸ್ತಿಪಟು ಮೈಲೋಗೆ ಸಾಲದ ಊಟ ಹೊಸದಾಗಿ ಅಖಾಡಕ್ಕೆ ಇಳಿದವನಿಗೆ ಅತಿಯಾಗುತ್ತದೆ ಎನ್ನುವ ಉದಾಹರಣೆ ಆ ಪುಸ್ತಕದಲ್ಲೇ ಇದೆ. ಹದ ಎನ್ನುವುದು ಆಯಾ ಮನುಷ್ಯನಿಗೆ, ಆಯಾ ಸಂದರ್ಭಕ್ಕೆ ಬೇರೆ.

ಬಿಡದೆ ಇನ್ನೊಂದು ಎಸೆದರು: "ಅಲೆಕ್ಸಾಂಡರ್ ಅವನ ಶಿಷ್ಯನೇ ಅಲ್ವಾ ಮೇಡಂ? ಕುಡಿದ ಕೋಪದಲ್ಲಿ ಗೆಳೆಯ ಕ್ಲೈಟಸ್‌ನನ್ನೇ ಕೊಂದುಬಿಟ್ಟ." ವಿಡಿಯೋ ಚೆನ್ನಾಗೇ ನೋಡಿದ್ದಾರೆ! ಆದರೆ ಇದು ನನ್ನ ಪರವಾದ ಸಾಕ್ಷಿಯೇ. ಕೇಳಿದ ಪಾಠದಿಂದ ಗುಣ ಬರಲ್ಲ, ನ್ಯಾಯದ ಕೆಲಸ ಮಾಡಿ ಮಾಡಿಯೇ ನ್ಯಾಯವಂತರಾಗೋದು ಅಂತ ಗುರು ಹೇಳಿದ್ದು.

ಕೊಟ್ಟ ಸಲಹೆ ಇದು. ಆಫೀಸಿನಲ್ಲಿ ಕಡೇಪಕ್ಷ ಒಂದು ವಿಷಯವನ್ನಾದರೂ ಅದೇ ದಿನ, ಸಂಬಂಧಪಟ್ಟವರಿಗೇ ಹೇಳಬೇಕು. ಸಣ್ಣದರಿಂದ ಶುರು ಮಾಡಿ, ಉದಾಹರಣೆಗೆ "ಈ ಎಂಟ್ರಿ ನನ್ನದಲ್ಲ ಸರ್, ಮಾಡಿದವರೇ ಸರಿ ಮಾಡಲಿ." ಮನೆಯಲ್ಲಿ ಇದರ ಉಲ್ಟಾ. ಆತುರದ ಆಳು ಯಜಮಾನನ ಮಾತು ಮುಗಿಯುವ ಮೊದಲೇ ಓಡಿಹೋಗಿ ಕೆಲಸ ಕೆಡಿಸುತ್ತಾನಲ್ಲ, ಕೋಪವೂ ವಿವೇಕದ ಮಾತನ್ನು ಅರ್ಧ ಕೇಳಿ ಓಡುತ್ತದೆ ಎನ್ನುತ್ತಾನೆ ಅರಿಸ್ಟಾಟಲ್. ಹಾಗಾಗಿ ಬಾಯಿ ತೆರೆಯುವ ಮೊದಲು ಎದುರಿನವರ ಮಾತು ಪೂರ್ತಿ ಕೇಳಿ, ಆಮೇಲೆ 'ಈ ಕೋಪ ಇವರ ಮೇಲಿನದಾ?' ಅಂತ ಕೇಳಿಕೊಳ್ಳಬೇಕು. ಕೆಲವು ಕಾಲ ಮನೆಯಲ್ಲಿ ಬೇಕಾದ್ದಕ್ಕಿಂತ ಜಾಸ್ತಿಯೇ ಮೆತ್ತಗಿರಿ, ಅತಿಯಾದರೂ ಪರವಾಗಿಲ್ಲ ಎಂದೆ. ನಮ್ಮ ವಾಲು ಯಾವ ಕಡೆಗೋ ಅದರ ವಿರುದ್ಧಕ್ಕೆ ಎಳೆದರೆ ನಡುವೆ ಬಂದು ನಿಲ್ಲಬಹುದು, ಇದೂ ಅವನ ಸಲಹೆಯೇ.

ಮುಂದಿನ ಸಲ ಬಂದಾಗ ಬೇಸರದಲ್ಲಿದ್ದರು. "ತಡ್ಕೊಂಡೆ ಮೇಡಂ. ಆದ್ರೆ ಒಳಗೆ ಕುದೀತಾನೇ ಇತ್ತು. ಇದು ನಾಟಕ ಅಲ್ವಾ?" ನಾಟಕ ಅಲ್ಲ. ಕಷ್ಟಪಟ್ಟು ತಡೆದುಕೊಳ್ಳುವವನು ಇನ್ನೂ ಪೂರ್ತಿ ಗುಣವಂತನಲ್ಲ, ಆದರೆ ಸೋತುಹೋಗುವವನಿಗಿಂತ ಮೇಲೆ ಎಂದು ಅರಿಸ್ಟಾಟಲ್ ಇವರಿಬ್ಬರನ್ನೂ ಬೇರೆ ಬೇರೆಯಾಗಿಯೇ ಇಟ್ಟಿದ್ದಾನೆ. ತಡೆಯೋದಕ್ಕೆ ಅಷ್ಟು ನೋವಾಗದ ಕಾಲ ಬಂದರೆ ಅಭ್ಯಾಸ ಕೂತಿದೆ ಅಂತ ಅರ್ಥ.

ಮ್ಯಾನೇಜರ್ ಬದಲಾಗಿಲ್ಲ. ಇವರು ಒಮ್ಮೆ ರಜೆ ವಿಷಯದಲ್ಲಿ ಗಟ್ಟಿಯಾಗಿ ನಿಂತಿದ್ದಾರೆ, ರಜೆ ಸಿಕ್ಕಿದೆ. ಮನೆಯಲ್ಲಿ ಕೂಗಾಟ ಕಡಿಮೆಯಾಗಿದೆ, ನಿಂತಿಲ್ಲ ಎನ್ನುತ್ತಾರೆ ಹೆಂಡತಿ. ಮಗಳ ಜೊತೆ ಬೇರೆಯಾಗಿ ಮಾತಾಡಬೇಕಿದೆ, ಅವಳಿಗೆ ಇಷ್ಟವಿದ್ದರೆ ಮಾತ್ರ.