ಕಸದ ಗುಡ್ಡ ಹಿಗ್ಗುವ ಮುನ್ನ

ಪ್ರಶ್ನೆ: ಕಸದ ಭೂಭರ್ತಿ ಘಟಕವನ್ನು ವಿಸ್ತರಿಸುವ ವಿಚಾರದಲ್ಲಿ ನಮ್ಮೂರು ಎರಡು ಬಣವಾಗಿದೆ. ಹೊಸ ಭಾಗಕ್ಕೆ ಪ್ಲಾಸ್ಟಿಕ್ ಹಾಸು ಹಾಕುವುದರಿಂದ ಬಾವಿಗಳಿಗೆ ಅಪಾಯವಿಲ್ಲವೆಂಬ ಭರವಸೆಯನ್ನು ನಂಬಬಹುದೇ?

ಉತ್ತರ: ಹಾಸು ಬೇಕೇ ಬೇಕು, ಆದರೆ ಅದೊಂದೇ ಸಾಲದು. ರಾಶಿಯೊಳಗೆ ಇಳಿಯುವ ಮಳೆನೀರು ಕೊಳೆತದ್ದನ್ನೆಲ್ಲ ಕರಗಿಸಿಕೊಂಡು ಕಪ್ಪಗಿನ, ನಾರುವ ರಸವಾಗಿ ತಳ ಸೇರುತ್ತದೆ. ಒತ್ತಿ ಗಟ್ಟಿಮಾಡಿದ ಜೇಡಿಮಣ್ಣಿನ ಮೇಲೆ ಹಾಸನ್ನು ಹೊಂದಿಸಿ, ಆ ರಸವನ್ನು ಕೊಳವೆಗಳಿಂದ ಹೊರತೆಗೆದು ಶುದ್ಧೀಕರಿಸದಿದ್ದರೆ, ಹಾಸಿನ ಬೆಸುಗೆ ಬಿಟ್ಟ ಸಣ್ಣ ಜಾಗದಿಂದಲೂ ಅದು ಅಂತರ್ಜಲಕ್ಕೆ ಇಳಿಯಬಲ್ಲದು. ನನಗೆ ಹೆಚ್ಚಿನ ಆತಂಕವಿರುವುದು ಹಳೆಯ ಭಾಗದ ಬಗ್ಗೆ: ಅದಕ್ಕೆ ಹಾಸೇ ಇಲ್ಲದಿದ್ದರೆ ಈಗಾಗಲೇ ಸೋರುತ್ತಿರಬಹುದು. ಆದ್ದರಿಂದ ಕಾಮಗಾರಿಗೆ ಮೊದಲೇ ಸುತ್ತಲಿನ ಬಾವಿಗಳ ನೀರನ್ನು ಪರೀಕ್ಷಿಸಿ ಫಲಿತಾಂಶವನ್ನು ಬಹಿರಂಗಪಡಿಸಬೇಕೆಂದು ಎರಡೂ ಬಣದವರು ಸೇರಿ ಲಿಖಿತವಾಗಿ ಕೇಳಿ. ಹಸಿ ಕಸವನ್ನು ಬೇರ್ಪಡಿಸಿದರೆ ಅದು ರಾಶಿಯೊಳಗೆ ಕೊಳೆತು ಹೊಮ್ಮಿಸುವ ಮೀಥೇನ್ ಅನಿಲವೂ ತಗ್ಗುತ್ತದೆ, ವಿಸ್ತರಣೆಯ ಅಗತ್ಯವೂ ಕುಗ್ಗುತ್ತದೆ.